ಬಾಂದುರಾ ಬಳ್ಳಿಯ ಎರಡು ಚಿಗುರು

ಲಂಕೆಗೆ ಹೋಗಿ ಬಂದೆ ಎಂದರೆ ನಮ್ಮ ಕಡೆಯ ಜನ ಮೊದಲು ಕೇಳುವುದು ಅಶೋಕವನ ನೋಡಿದಿರಾ ಎಂದು. ನೋಡಲಿಲ್ಲ. ಹದಿನಾಲ್ಕು ದಿನ ಅಲ್ಲಿದ್ದು ನಾನು ನೋಡಿದ್ದು ಒಂದು ಮನೆಯ ಹಿತ್ತಲು, ಆ ಹಿತ್ತಲಿನಲ್ಲಿ ಒಂದು ಬಳ್ಳಿ. ಆ ಬಳ್ಳಿಗೆ ನಾನೊಂದು ಅನ್ಯಾಯ ಮಾಡಿ ಬಂದೆ. ಪ್ರವಾಸದ ಬಗ್ಗೆ ಬರೆಯಿರಿ ಎಂದು ಗೆಳತಿಯರು ಒತ್ತಾಯಿಸಿದಾಗಲೆಲ್ಲ ಇಷ್ಟು ವರ್ಷ ನುಣುಚಿಕೊಂಡದ್ದು ಅದಕ್ಕೇ.

ಹಾನಗಲ್ಲು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಹಾನಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕೀಟ ತಿನ್ನುವ ಸಸ್ಯಗಳ ಪಾಠದಲ್ಲಿ ಹೂಜಿಗಿಡದ ಚಿತ್ರವೊಂದು ಇತ್ತು. ಎಲೆಯ ತುದಿ ಬಳ್ಳಿಯಂತೆ ಇಳಿದು, ಕೊನೆಯಲ್ಲಿ ಮುಚ್ಚಳವಿರುವ ಸಣ್ಣ ಹೂಜಿಯಾಗುತ್ತದೆ. ಹುಳ ಅದರೊಳಗಿನ ನೀರಿಗೆ ಜಾರಿ ಬೀಳುತ್ತದೆ. ಗಿಡ ಅದನ್ನು ಅರಗಿಸಿಕೊಳ್ಳುತ್ತದೆ. ಪುಸ್ತಕದಲ್ಲಿ ಶಾಯಿ ಹರಡಿ ಆ ಹೂಜಿ ಒಂದು ಹಳೆಯ ಬೂಟಿನ ಹಾಗೆ ಕಾಣುತ್ತಿತ್ತು. ಎಂಟು ವರ್ಷ ಆ ಬೂಟು ತೋರಿಸಿಯೇ ಪಾಠ ಮಾಡಿದೆ. ಒಂದು ದಿನ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು, "ನೀವು ಇದನ್ನ ಖರೇನ ನೋಡೀರೇನ್ರಿ?" ಎಂದಳು. ಕುಳಿತುಕೋ ಎಂದು ಗದರಿಸಿದೆ. ಮನೆಗೆ ಬರುವ ದಾರಿಯುದ್ದಕ್ಕೂ ನಾಚಿಕೆಯಾಯಿತು.

ಶಿಕ್ಷಕರ ಇಂಗ್ಲಿಷ್ ಮಾಸಪತ್ರಿಕೆಯೊಂದು ಶಾಲೆಗೆ ಬರುತ್ತಿತ್ತು. ಅದರ ಓದುಗರ ಅಂಕಣಕ್ಕೆ, ಹೂಜಿಗಿಡವನ್ನು ಎಲ್ಲಿ ನೋಡಬಹುದು ಎಂದು ಬರೆದೆ. ಉತ್ತರ ಬಂದದ್ದು ಸಿಂಹಳದಿಂದ. ಸೋಮಾವತಿ ಎಂಬ ನಿವೃತ್ತ ಶಿಕ್ಷಕಿ ಬರೆದಿದ್ದರು: "ನಮ್ಮಲ್ಲಿ ಇದಕ್ಕೆ ಬಾಂದುರಾ ಎನ್ನುತ್ತೇವೆ. ನನ್ನ ಹಿತ್ತಲಿನಲ್ಲಿ ಒಂದಿದೆ, ಬೀಜದಿಂದ ಬೆಳೆಸಿದ್ದು. ಬಂದು ನೋಡಿ." ಬಂದು ನೋಡಿ ಎಂಬ ಆ ಮಾತನ್ನು ಅವರು ನಾಲ್ಕು ವರ್ಷ ಪ್ರತಿ ಪತ್ರದ ಕೊನೆಯಲ್ಲಿ ಬರೆದರು. ಐದನೆಯ ವರ್ಷದ ಬೇಸಿಗೆ ರಜೆಯಲ್ಲಿ ಹೊರಟೆ.

ಒಬ್ಬಳೇ ಅಲ್ಲ. ನಮ್ಮ ಅತ್ತೆ ತಡಸದವರು. ಹುಬ್ಬಳ್ಳಿಯಾಚೆ ಹೋದವರಲ್ಲ. ನನ್ನ ಯಜಮಾನರು ಹೂಂ ಎಂದ ಮೇಲೂ ಅತ್ತೆ ತಕರಾರು ತೆಗೆದರು.

"ಒಬ್ಬಾಕಿನ್ನ ಸಮುದ್ರ ದಾಟಾಕ ಬಿಡೂದಿಲ್ಲ. ನಾನೂ ಬರ್ತೇನಿ."

"ಅತ್ತಿ, ಅಲ್ಲಿ ನಿಮಗ ಭಾಷಾ ಬರೂದಿಲ್ಲ."

"ನಿನ್ನ ಗಂಡಗ ಹುಟ್ಟಿದಾಗ ಭಾಷಾ ಬರ್ತಿತ್ತೇನು? ನಾ ಮಾತಾಡಸಲಿಲ್ಲೇನು ಅವನ್ನ?"

ಇಬ್ಬರಿಗೂ ಟಿಕೆಟ್ ಮಾಡಿಸಿದೆ.

ಹೊರಡುವ ಹಿಂದಿನ ದಿನ ಸವಣೂರಿನಿಂದ ನಮ್ಮಪ್ಪ ಬಂದು ವೀಳ್ಯದೆಲೆಯ ದೊಡ್ಡ ಪೆಂಡಿ ಕೊಟ್ಟ. ಬಾಳೆಪಟ್ಟೆಯಲ್ಲಿ ಸುತ್ತಿ, ಒದ್ದೆ ಬಟ್ಟೆ ಹೊದಿಸಿ ತಂದಿದ್ದ. ನಮ್ಮದು ಎಲೆಬಳ್ಳಿ ತೋಟದ ಮನೆ. ತೋಟಕ್ಕೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ; ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಂತೂ ಕಾಲಿಡುವಂತೆಯೇ ಇಲ್ಲ, ಬಳ್ಳಿ ಬಾಡುತ್ತದೆ ಎಂದು. ಹದಿಮೂರರಿಂದ ನಾನು ಬೇಲಿಯ ಹೊರಗೆ ನಿಂತೇ ತೋಟ ನೋಡಿದವಳು. ಆಳುಗಳಿಗೆ ಅಪ್ಪ ಕೂಗಿ ಹೇಳುತ್ತಿದ್ದುದು ಮಾತ್ರ ಕಿವಿಯಲ್ಲಿ ಉಳಿದಿತ್ತು: "ಬುಡದಾಗಿನ ಚಿಗುರು ಚೂಟ್ರಿ. ಬಳ್ಳಿ ಜೀವಾ ತಿಂತಾವ ಅವು." ಸಸ್ಯಶಾಸ್ತ್ರದ ಪದವಿ ಪಡೆದೆ, ಮಕ್ಕಳಿಗೆ ಕಲಿಸಿದೆ, ಆದರೆ ಬಳ್ಳಿಯೊಂದರ ಬುಡ ಮುಟ್ಟುವ ಆಸೆ ಹಾಗೇ ಇತ್ತು.

ಸಮುದ್ರ

ರಾಮೇಶ್ವರದಿಂದ ಆಗ ತಲೈಮನ್ನಾರಿಗೆ ಹಡಗು ಓಡಾಡುತ್ತಿತ್ತು. ಸಮುದ್ರಕ್ಕೆ ಹೆದರುತ್ತೇನೆ ಎಂದು ತಿಂಗಳಿಂದ ಹೇಳುತ್ತ ಬಂದಿದ್ದ ಅತ್ತೆ ಅಡಿಕೆ ಕತ್ತರಿಸುತ್ತ ಆರಾಮಾಗಿ ಕುಳಿತರು. ವಾಂತಿ ಮಾಡಿಕೊಂಡವಳು ನಾನು.

ಆಚೆ ದಡದ ಸುಂಕದ ಅಧಿಕಾರಿ ನಮ್ಮ ಎಲೆಯ ಪೆಂಡಿ ಬಿಚ್ಚಿಸಿದ. ಏನಿದು ಎಂದು ಇಂಗ್ಲಿಷಿನಲ್ಲಿ ಗಂಭೀರವಾಗಿ ಕೇಳಿದ. ನಾನು ಉತ್ತರ ಜೋಡಿಸುವಷ್ಟರಲ್ಲಿ ಅತ್ತೆ ಒಂದೆಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಚಿ ಅವನ ಮುಂದೆ ಹಿಡಿದರು. "ತಿಂದು ನೋಡೋ ತಮ್ಮಾ, ಸವಣೂರಿನ ಎಲಿ." ಅವನು ಆಚೀಚೆ ನೋಡಿ ಬಾಯಿಗೆ ಹಾಕಿಕೊಂಡ. ಸ್ವಲ್ಪ ಹೊತ್ತು ಅಗಿದು, ಉಳಿದ ಚೀಲಗಳನ್ನು ಬಿಚ್ಚಿಸದೆ ಕೈ ಬೀಸಿ ಹೋಗಲು ಹೇಳಿದ. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಪತ್ರ ಬರೆದವಳು ನಾನು, ಪರದೇಶದ ಬಾಗಿಲು ತೆಗೆಸಿದವರು ಅತ್ತೆ.

ಕಳುತರದ ಹತ್ತಿರದ ಹಳ್ಳಿ, ಮೊದಲ ದಿನ

ಸೋಮಾವತಿ ಬಸ್ ನಿಲ್ಲುವಲ್ಲಿಗೇ ಬಂದಿದ್ದರು. ಅರವತ್ತಾರು ವರ್ಷದ ಸಣಕಲು ಹೆಂಗಸು, ಬಿಳಿ ರವಿಕೆ, ಕೈಯಲ್ಲಿ ಗಂಡಸರ ಉದ್ದ ಕೊಡೆ. ಮದುವೆಯಾದವರಲ್ಲ, ಮನೆಯಲ್ಲಿ ಒಬ್ಬರೇ. ನಮ್ಮಿಬ್ಬರ ಮಾತು ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಅವರ ಮಾತನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆದಿದ್ದೇನೆ. ಅತ್ತೆಗೆ ಆ ತೊಂದರೆಯೂ ಇರಲಿಲ್ಲ. ಅವರು ತಡಸದ ಕನ್ನಡದಲ್ಲಿ ಕೇಳುತ್ತಿದ್ದರು, ಸೋಮಾವತಿ ಸಿಂಹಳದಲ್ಲಿ ಉತ್ತರಿಸುತ್ತಿದ್ದರು. ಎಲೆ ಅಡಿಕೆಯ ತಟ್ಟೆ ನಡುವೆ ಬಂದ ಮೇಲೆ ಇಬ್ಬರೂ ಗಂಟೆಗಟ್ಟಲೆ ಕುಳಿತುಬಿಟ್ಟರು. ಅಲ್ಲಿಯ ಎಲೆ ದಪ್ಪ, ಖಾರ. ಅತ್ತೆ ನಮ್ಮದೇ ಮೇಲು ಎಂದು ಸಾಧಿಸಿದರು, ಸೋಮಾವತಿ ಏನು ಸಾಧಿಸಿದರೋ ತಿಳಿಯಲಿಲ್ಲ.

ಹಿತ್ತಲಿಗೆ ಕರೆದುಕೊಂಡು ಹೋದಾಗ ನಾನು ಹೊಸ್ತಿಲ ಬಳಿ ಚಪ್ಪಲಿ ಬಿಟ್ಟೆ. ಯೋಚಿಸಿ ಬಿಟ್ಟದ್ದಲ್ಲ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಜಿಗಣೆ ಹತ್ತಿತು. ಸೋಮಾವತಿ ನಗುತ್ತ ಉಪ್ಪು ತಂದು ಉಜ್ಜಿ, "ಇದು ದೇವಸ್ಥಾನವಲ್ಲ, ಕೆಸರು," ಎಂದರು.

ಆಮೇಲೆ ಬಳ್ಳಿ ನೋಡಿದೆ. ಗೋಡೆಯ ಪಕ್ಕ ಬಿದಿರಿನ ಚಪ್ಪರಕ್ಕೆ ಹಬ್ಬಿತ್ತು. ಹೂಜಿಗಳು ಒಂದು ಗೇಣಿನಷ್ಟು ಉದ್ದ, ಹಸಿರು ಮೈಗೆ ಕೆಂಪು ಛಾಯೆ, ಬಾಯಿಗೆ ಎಣ್ಣೆ ಸವರಿದಂಥ ಮಿನುಗು. ಒಂದರೊಳಗೆ ಬಗ್ಗಿ ನೋಡಿದೆ. ಅರ್ಧ ನೀರು, ಅದರಲ್ಲಿ ಇರುವೆಗಳು. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದಕ್ಕೆ ಬಗ್ಗಿದೆ. ಸೋಮಾವತಿ ಮುಖ ಆಚೆ ತಿರುಗಿಸಿ ಏನೋ ಕೆಲಸವಿದ್ದವರ ಹಾಗೆ ಚಪ್ಪರದ ದಾರ ಬಿಗಿದರು.

ಅತ್ತೆ ಮಾತ್ರ ಮೂಗಿನ ಮೇಲೆ ಬೆರಳಿಟ್ಟರು. "ಹುಳಾ ತಿನ್ನೂದಂತ ಗಿಡ! ಇದಕ್ಕ ಒಂದೀಟು ಸಗಣಿಗೊಬ್ಬರ ಹಾಕಿದ್ರ ಈ ಹಾದರ ಯಾಕ ಮಾಡ್ತಿತ್ತು?"

ಅನುವಾದಿಸಿದೆ. ಸೋಮಾವತಿ ಗಂಭೀರವಾಗಿ ತಲೆಯಾಡಿಸಿದರು. "ನಿಮ್ಮ ಅತ್ತೆ ಹೇಳುವುದು ಸರಿ. ಇದರ ಹೊಟ್ಟೆ ತುಂಬಿಸಿದರೆ ಬರೀ ಎಲೆ ಬಿಡುತ್ತದೆ, ಹೂಜಿ ಕಟ್ಟುವುದಿಲ್ಲ. ಇದಕ್ಕೆ ಗೊಬ್ಬರವೇ ವಿಷ. ಮಳೆನೀರು ಸಾಕು."

ಈ ಬಳ್ಳಿಗಳು ಬೆಳೆಯುತ್ತಿದ್ದ ಜೌಗು ಊರ ಪಕ್ಕದಲ್ಲೇ ಇತ್ತಂತೆ. ಅದನ್ನು ಮಣ್ಣು ತುಂಬಿ ರಸ್ತೆ ಮಾಡಿದಾಗ ಸೋಮಾವತಿ ಕೊನೆಯ ಕಾಯಿಗಳನ್ನು ಆರಿಸಿ ತಂದು ಬಿತ್ತಿದ್ದರು. ಬದುಕಿದ್ದು ಇದೊಂದೇ. ಹನ್ನೊಂದು ವರ್ಷದ ನಂತರ ಈ ವರ್ಷ ಮೊದಲ ಸಲ ಹೂ ಬಿಟ್ಟಿತು, ಹೆಣ್ಣು ಎಂದು ತಿಳಿಯಿತು. ಈ ಜಾತಿಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ. ಗಂಡು ಬಳ್ಳಿ ಇದ್ದದ್ದು ಎರಡು ಊರಾಚೆಯ ಬೌದ್ಧ ವಿಹಾರದ ಅಂಗಳದಲ್ಲಿ. ಸೋಮಾವತಿ ಅಲ್ಲಿಂದ ಹೂಗೊಂಚಲೊಂದನ್ನು ಮಡಚಿದ ಕೊಡೆಯೊಳಗಿಟ್ಟು ಬಸ್ಸಿನಲ್ಲಿ ತಂದರು. ಮಳೆ ಬಂತು. ಕೊಡೆ ಬಿಚ್ಚದೆ ನೆನೆದುಕೊಂಡೇ ಮನೆ ಸೇರಿದರಂತೆ. ಈಗ ಕಾಯಿಗಳು ಬಲಿತು ಕಂದು ಬಣ್ಣಕ್ಕೆ ತಿರುಗುತ್ತಿದ್ದವು.

ಹುಣ್ಣಿಮೆ

ಮೂರನೆಯ ದಿನ ಹುಣ್ಣಿಮೆ. ಅಲ್ಲಿ ಹುಣ್ಣಿಮೆ ಎಂದರೆ ಊರಿಗೆ ಊರೇ ಬಿಳಿ ಬಟ್ಟೆಯುಟ್ಟು ವಿಹಾರಕ್ಕೆ ಹೋಗುತ್ತದೆ. ಅತ್ತೆಯೂ ಹೊರಟರು, ಕೆಂಪು ಇಳಕಲ್ ಸೀರೆಯುಟ್ಟು. ನನಗೆ ಹೊಟ್ಟೆ ಕೆಟ್ಟಿದ್ದರಿಂದ ಮನೆಯಲ್ಲೇ ಉಳಿದೆ.

ಸುಮ್ಮನೆ ಕುಳಿತು ಉಣ್ಣುವುದು ನನಗಾಗದು. ಬೇರೆಯವರ ಮನೆಯಲ್ಲಂತೂ ಇನ್ನೂ ಆಗದು. ಪಾತ್ರೆ ಬೆಳಗಿದೆ, ಅಂಗಳ ಗುಡಿಸಿದೆ, ಹಿತ್ತಲಿಗೆ ಹೋಗಿ ಕಸ ಕಿತ್ತೆ. ಬಳ್ಳಿಯ ಹತ್ತಿರ ಬಂದಾಗ ನೋಡುತ್ತೇನೆ, ಮೇಲಿನ ಎಲೆಗಳು ಹಳದಿಯಾಗಿವೆ. ಬುಡದಲ್ಲಿ, ಮಣ್ಣಿಗೆ ತಾಗಿದಂತೆ, ಎರಡು ಹೊಸ ಚಿಗುರು. ಬೆರಳುದ್ದ, ಮೆತ್ತಗೆ, ತಿಳಿಹಸಿರು.

ಅಪ್ಪನ ದನಿ ಕಿವಿಯಲ್ಲಿತ್ತು. ಬಳ್ಳಿ ಸೊರಗುತ್ತಿದೆ, ಬುಡದ ಚಿಗುರು ಅದರ ಜೀವ ತಿನ್ನುತ್ತಿವೆ, ಕಾಯಿ ಬಲಿಯುವ ಹೊತ್ತಿನಲ್ಲಿ ಹೀಗಾಗಬಾರದು. ಒಂದು ಕ್ಷಣವೂ ಅನುಮಾನ ಬರಲಿಲ್ಲ. ಎರಡನ್ನೂ ಚಿವುಟಿದೆ. ಉಗುರಿಗೆ ಹತ್ತಿದ ರಸ ಸೆರಗಿಗೆ ಒರೆಸಿಕೊಂಡಾಗ ಎಷ್ಟು ಸಂತೋಷವಾಯಿತೆಂದರೆ, ಇಷ್ಟು ವರ್ಷ ಬೇಲಿಯಾಚೆ ನಿಲ್ಲಿಸಿದ ಅಪ್ಪನಿಗೆ ಇದನ್ನು ಪತ್ರದಲ್ಲಿ ಬರೆಯಬೇಕು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಹಿತ್ತಲಿನಿಂದ ಸೋಮಾವತಿಯ ಕೂಗು ಕೇಳಿತು. ಹೋದೆ. ಅವರು ಕೆಸರಿನಲ್ಲಿ ಮೊಣಕಾಲೂರಿ ಕುಳಿತಿದ್ದರು.

"ಚಿಗುರು ಹೋಗಿವೆ. ಎರಡೂ."

"ಅದರಿಂದ ಏನಾಗುತ್ತದೆ?" ಎಂದೆ.

ಅವರು ಪಾಠ ಹೇಳುವ ದನಿಯಲ್ಲೇ ಹೇಳಿದರು. "ಈ ಬಳ್ಳಿಯ ಕೆಲಸ ಮುಗಿಯಿತು. ಹೂ ಬಿಟ್ಟ ಮೇಲೆ ಮೇಲಿನಿಂದ ಒಣಗುತ್ತ ಬರುತ್ತಿದೆ. ಬುಡದ ಚಿಗುರು ಬಂದರೆ ಹಳೆಯ ಕಾಂಡ ಹೋದರೂ ಗಿಡ ಉಳಿಯುತ್ತದೆ. ಚಿಗುರಿಗೆ ಬೇರಿನ ಬಲ ಇರುತ್ತದೆ, ಎರಡೇ ವರ್ಷಕ್ಕೆ ಚಪ್ಪರ ಮುಟ್ಟುತ್ತದೆ. ಬೀಜದಿಂದ ಮಾಡಬೇಕೆಂದರೆ ಮತ್ತೆ ಹನ್ನೊಂದು ವರ್ಷ. ನನಗೆ ಅರವತ್ತಾರು." ಬುಡದ ಮಣ್ಣು ಕೆದಕಿ ನೋಡುತ್ತ, "ಏನು ತಿಂದಿರಬಹುದು?" ಎಂದು ಕೇಳಿದರು.

ಆ ಕ್ಷಣದಲ್ಲಿ ಹೇಳಿಬಿಡಬಹುದಿತ್ತು. ಮೂವತ್ತಾರು ವರ್ಷದ ಹೆಂಗಸು ನಾನು, ನಿಜ ಹೇಳಿ ಎಂದು ಮಕ್ಕಳ ಕಿವಿ ಹಿಂಡುವವಳು. ಗೋಡೆಯ ಮೇಲೆ ಕಪ್ಪೆಚಿಪ್ಪಿನಷ್ಟು ದಪ್ಪದ ಬಸವನಹುಳು ಹರಿಯುತ್ತಿತ್ತು. "ಅದಿರಬೇಕು," ಎಂದೆ.

ಬಸವನಹುಳು

ಅಂದು ಸಂಜೆ ಸೋಮಾವತಿ ಬುಟ್ಟಿ ಹಿಡಿದು ಹಿತ್ತಲಿಗಿಳಿದರು. ಕೊಲ್ಲುವವರಲ್ಲ. ಒಂದೊಂದೇ ಬಸವನಹುಳುವನ್ನು ಎಲೆಯಿಂದ ಎತ್ತಿ ಬುಟ್ಟಿಗಿಟ್ಟು, ರಸ್ತೆ ದಾಟಿ, ಆಚೆಯ ಹಳ್ಳದ ಬದಿಗೆ ಬಿಟ್ಟು ಬರುತ್ತಿದ್ದರು. ಬಿಡುವಾಗ ಏನೋ ಮೆಲ್ಲಗೆ ಹೇಳುತ್ತಿದ್ದರು. ಇನ್ನೊಂದು ಚಿಗುರು ಬಂದೀತು, ಬಂದರೆ ಅದನ್ನಾದರೂ ಉಳಿಸಿಕೊಳ್ಳಬೇಕು ಎಂಬ ಆಸೆ ಅವರಿಗೆ.

ಅತ್ತೆ ಜಗಲಿಯಿಂದ ನೋಡಿದರು. ಬಸವನಹುಳು ಕಂಡರೆ ಅವರಿಗೆ ಹೇಸಿಗೆ. ಮುಂಗಾರಿನಲ್ಲಿ ಗೋಡೆಗೆ ಹತ್ತಿದರೂ ನನ್ನನ್ನೇ ಕೂಗುವವರು.

"ಏನ ಮಾಡಾಕತ್ತಾಳವಾ ಆಕಿ?"

"ಬಳ್ಳಿ ಚಿಗುರು ತಿಂದಾವಂತ, ಆರಿಸಿ ಹೊರಗ ಬಿಡಾಕತ್ತಾರ."

"ಅಯ್ಯ, ಒಬ್ಬಾಕಿನ ಎಷ್ಟಂತ ಬಗ್ತಾಳ," ಎಂದು ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟರು. ಮೊಣಕಾಲು ನೋವಿನವರು, ಕುಳಿತರೆ ಏಳಲು ನನ್ನ ತೋಳು ಬೇಕು. ಮುಖ ಸೊಟ್ಟ ಮಾಡಿಕೊಂಡು, ಬಾಳೆಯೆಲೆ ಚೂರಿನಿಂದ ಹುಳ ಹಿಡಿದು, "ಹೇಸಿ, ಬಾ ಇಲ್ಲಿ, ಊರಾಗ ಬ್ಯಾರೆ ಏನೂ ಸಿಗಲಿಲ್ಲ ನಿನಗ ತಿನ್ನಾಕ?" ಎಂದು ಬಯ್ಯುತ್ತ ಬುಟ್ಟಿಗೆ ಹಾಕಿದರು. ಇಬ್ಬರು ಮುದುಕಿಯರು, ಒಂದೊಂದು ಕಡೆ ಬುಟ್ಟಿ ಹಿಡಿದು ರಸ್ತೆ ದಾಟುವುದನ್ನು ಜಗಲಿಯ ಮೇಲೆ ನಿಂತು ನೋಡಿದೆ.

ಎರಡನೆಯ ಸಂಜೆಯೂ ಹಾಗೆಯೇ. ಅಂದು ಮಳೆ ಬಂದು ಹುಳಗಳು ಇನ್ನೂ ಹೆಚ್ಚಾಗಿದ್ದವು. ಮೂರು ಬುಟ್ಟಿ ಹೊತ್ತರು. ಕೊನೆಯ ಸಲ ಅತ್ತೆ ಕೆಸರಿನಲ್ಲಿ ಜಾರಿ ಕುಸಿದು ಕುಳಿತರು. ಸೋಮಾವತಿ ಎತ್ತಲು ಹೋಗಿ ತಾವೂ ಕುಳಿತುಬಿಟ್ಟರು. ಇಬ್ಬರೂ ನಗುತ್ತಿದ್ದರು. ನನಗೆ ಅಳು ಬಂತು. ಓಡಿಹೋಗಿ ಇಬ್ಬರ ಮುಂದೆ ಕೆಸರಿನಲ್ಲಿ ಕುಳಿತೆ.

"ಹುಳ ತಿನ್ನಲಿಲ್ಲ. ನಾನೇ ಚಿವುಟಿದೆ," ಎಂದೆ.

ಸೋಮಾವತಿಯ ನಗು ನಿಂತಿತು. ಅತ್ತೆ ನನ್ನ ಮುಖ, ಅವರ ಮುಖ ನೋಡಿ, "ಏನಂದಿ? ಯಾಕ ಅಳಾಕತ್ತಿ?" ಎಂದರು. ಅದನ್ನೇ ಮತ್ತೊಮ್ಮೆ ಕನ್ನಡದಲ್ಲಿ ಹೇಳಬೇಕಾಯಿತು. ಇಂಗ್ಲಿಷಿನಲ್ಲಿ ಹೇಳುವಾಗ ಅದು ಹೇಗೋ ದಾಟಿಹೋಗಿತ್ತು, ಕನ್ನಡದಲ್ಲಿ ದನಿ ನಡುಗಿತು. ನಮ್ಮ ತೋಟದಲ್ಲಿ ಹಾಗೆ ಮಾಡುತ್ತಾರೆ, ಒಳ್ಳೆಯದಾಗಲಿ ಎಂದು ಮಾಡಿದೆ, ಆಮೇಲೆ ಹೆದರಿದೆ ಎಂದೆ.

ಅತ್ತೆ ಬೈಯಲಿಲ್ಲ. ಅದೇ ಕಷ್ಟವಾಯಿತು. "ನನಗರೆ ಹೇಳಬಾರದಿತ್ತೇನವಾ, ಎರಡು ದಿನದಿಂದ ಹುಳಕ್ಕ ಬಯ್ಯಾಕತ್ತೇನಿ," ಎಂದರು.

ಸೋಮಾವತಿ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಬಿಡುವಾಗ ಪ್ರತಿಯೊಂದಕ್ಕೂ, ನೀನು ಮಾಡಿದ್ದನ್ನು ಕ್ಷಮಿಸಿದ್ದೇನೆ ಎಂದು ಹೇಳುತ್ತಿದ್ದೆ," ಎಂದರು. "ಅವು ಏನೂ ಮಾಡಿರಲೇ ಇಲ್ಲ." ಎದ್ದು ಬುಟ್ಟಿಯಲ್ಲಿದ್ದ ಹುಳಗಳನ್ನು ತಮ್ಮ ಹಿತ್ತಲಿನಲ್ಲೇ ಸುರಿದು ಒಳಗೆ ಹೋದರು. ಆ ಸಂಜೆ, ಮರುದಿನ ಇಡೀ, ಅಡುಗೆ ಬಡಿಸಿದರು, ಹೊಟ್ಟೆನೋವು ಹೇಗಿದೆ ಎಂದು ಕೇಳಿದರು, ಬೇರೆ ಮಾತಿಲ್ಲ. ನಾನು ಕ್ಷಮೆ ಕೇಳಿದೆ. "ಕೇಳಿಸಿತು," ಎಂದರು ಅಷ್ಟೇ. ಹೊರಟುಹೋಗೋಣ ಎಂದು ಅತ್ತೆಗೆ ಹೇಳಿದೆ. "ಈಗ ಹ್ವಾದ್ರ ಓಡಿಹ್ವಾದಂಗ ಆಗ್ತದ. ಕುಂಡ್ರು," ಎಂದರು.

ಬೀಜ

ಕಾಯಿಗಳು ಒಡೆಯತೊಡಗಿದ ದಿನ ಸೋಮಾವತಿಯೇ ಕರೆದರು. ಒಂದು ಬಿಳಿ ಹಾಳೆ ಹಾಸಿ ಕಾಯಿ ಬಿಡಿಸಿದರು. ಬೀಜ ಎಂದರೆ ನಂಬುವಂತಿಲ್ಲ. ಕತ್ತರಿಸಿದ ಕೂದಲಿನ ಚೂರಿನಂತೆ, ನಡುವೆ ಮಾತ್ರ ಒಂದು ಉಬ್ಬು. ಉಸಿರು ಬಿಟ್ಟರೆ ಹಾರುತ್ತವೆ. ಮೂವರೂ ಮೂಗು ಬಾಯಿಗೆ ಸೆರಗು ಹಿಡಿದು ಕುಳಿತೆವು.

"ನೀನೇ ಬಿತ್ತು," ಎಂದರು.

"ನನ್ನ ಕೈಯಿಂದ ಬೇಡ."

"ನಿನ್ನ ಕೈಯಿಂದಲೇ. ಬಳ್ಳಿ ಎಂದರೆ ಏನು ಎಂದು ಆ ಕೈಗೆ ಗೊತ್ತಾಗಲಿ."

ತೆಂಗಿನ ನಾರನ್ನು ಮಳೆನೀರಿನಲ್ಲಿ ಮೂರು ಸಲ ತೊಳೆದು ಹಿಂಡಿಸಿದರು, ಉಪ್ಪು ಹೋಗಲಿ ಎಂದು. ಅದಕ್ಕೆ ಬಂಡೆಯ ಪಾಚಿ ಬೆರೆಸಿ ಅಗಲ ಮಣ್ಣಿನ ತಟ್ಟೆಗೆ ತುಂಬಿದೆ. ಬೀಜಗಳನ್ನು ಮೇಲೆ ಉದುರಿಸಿದೆ. ಮಣ್ಣು ಮುಚ್ಚಲು ಕೈ ಹೋಯಿತು; ಅವರು ತಡೆದರು. ಈ ಬೀಜಕ್ಕೆ ಬೆಳಕು ಕಾಣಬೇಕು, ಹೂತರೆ ಸತ್ತುಹೋಗುತ್ತದೆ. ಮೇಲೆ ಗಾಜು ಮುಚ್ಚಿ, ತಟ್ಟೆಯನ್ನು ನೀರಿನ ಪರಾತದಲ್ಲಿಟ್ಟು ನೆರಳಿಗೆ ಸರಿಸಿದೆವು. ಆರು ವಾರ ಏನೂ ಕಾಣುವುದಿಲ್ಲ, ಎತ್ತಿ ನೋಡಬಾರದು. ಆಮೇಲೆ ಎರಡು ಎಲೆ, ಸಾಸಿವೆಯಷ್ಟು. ಮೂರನೆಯ ಎಲೆಯ ತುದಿಗೇ ಹೂಜಿ ಬಂದುಬಿಡುತ್ತದೆ, ಜೀರಿಗೆ ಕಾಳಿಗಿಂತ ಸಣ್ಣದು.

"ಹುಟ್ಟಿದ ಕೂಡಲೇ ತಾನೇ ಉಣ್ಣಲು ಬಟ್ಟಲು ಹಿಡಿಯುತ್ತದೆ," ಎಂದು ಸೋಮಾವತಿ ಹೇಳಿದ್ದನ್ನು ಅನುವಾದಿಸಿದಾಗ ಅತ್ತೆಗೆ ಗಿಡದ ಮೇಲೆ ಮೊದಲ ಸಲ ಮಮತೆ ಬಂತು. "ಪಾಪ, ತಾಯಿ ಇಲ್ಲದ ಕೂಸು," ಎಂದರು.

"ಇವಕ್ಕೆ ಬುಡದಲ್ಲಿ ಚಿಗುರು ಬರಲು ಏಳೆಂಟು ವರ್ಷ ಬೇಕು," ಎಂದರು ಸೋಮಾವತಿ ನನ್ನನ್ನು ನೋಡದೆ. "ಆಗ ಯಾರು ನೋಡುತ್ತಾರೆ?"

"ನಾನು ಬರ್ತೇನೆ," ಎಂದೆ.

ಅವರು ನನ್ನ ಮುಖವನ್ನೇ ದಿಟ್ಟಿಸಿದರು. ಒಮ್ಮೆ ಸುಳ್ಳು ಹೇಳಿದವಳ ಮಾತು ಅದು. ಆದರೂ ತಲೆಯಾಡಿಸಿದರು. ಬಸ್ ಹತ್ತುವಾಗ ಅತ್ತೆಯನ್ನು ತಬ್ಬಿಕೊಂಡರು, ನನ್ನ ಕೈಯನ್ನು ಮಾತ್ರ ಹಿಡಿದರು. ಒಂದು ಚಿಟಿಕೆ ಬೀಜವನ್ನು ಹಾಳೆಯಲ್ಲಿ ಮಡಚಿ ಆ ಕೈಯಲ್ಲಿಟ್ಟರು.

ಮತ್ತೆ ಹಾನಗಲ್ಲು

ನಾನು ತಂದ ಬೀಜದಲ್ಲಿ ಒಂಬತ್ತು ಮೊಳೆತವು. ಎರಡನೇ ಬೆಂಚಿನ ಆ ಹುಡುಗಿ ಆಗ ಕಾಲೇಜು ಸೇರಿದ್ದಳು; ಕರೆಸಿ, ಭೂತಗಾಜು ಕೊಟ್ಟು ಮೊದಲ ಹೂಜಿ ತೋರಿಸಿದೆ. ಮುಂದಿನ ಬೇಸಿಗೆಯಲ್ಲಿ ಬಿಸಿಗಾಳಿಗೆ ಒಂದೊಂದೇ ಕರಕಲಾದವು. ಅದನ್ನು ಅದೇ ವಾರ ಸೋಮಾವತಿಗೆ ಬರೆದೆ, ಮುಚ್ಚಿಡಲಿಲ್ಲ. ಅವರೂ ಬರೆದರು: ಹಳೆಯ ಬಳ್ಳಿ ಪೂರ್ತಿ ಒಣಗಿತು, ಬುಡದಲ್ಲಿ ಮತ್ತೆ ಚಿಗುರು ಬರಲೇ ಇಲ್ಲ. ತಟ್ಟೆಯಲ್ಲಿ ನಾಲ್ಕು ಸಸಿ ಉಳಿದಿವೆ.

ವರ್ಷಗಳು ಹೋದವು. ನಾಲ್ಕು ಸಸಿ ಎರಡಾದವು, ಎರಡು ಒಂದಾಯಿತು. ಲಂಕೆಯಲ್ಲಿ ಸಿಂಹಳರಿಗೂ ತಮಿಳರಿಗೂ ಜಗಳ ಹೊತ್ತಿತು. ರಾಮೇಶ್ವರದ ಹಡಗು ನಿಂತಿತು. ಪತ್ರಗಳು ತಡವಾಗಿ, ಒಡೆದು ಅಂಟಿಸಿದಂತೆ ಬರುತ್ತಿದ್ದವು.

ಹೋದ ತಿಂಗಳು ಬಂದ ಪತ್ರದ ಅಕ್ಷರ ನಡುಗಿತ್ತು. ಸೋಮಾವತಿಗೆ ಈಗ ಎಪ್ಪತ್ನಾಲ್ಕು. "ನೀನು ಬಿತ್ತಿದ ಬಳ್ಳಿ ಚಪ್ಪರ ಮುಟ್ಟಿದೆ. ಈ ವಾರ ಬುಡದಲ್ಲಿ ಒಂದು ಚಿಗುರು ಕಂಡಿತು. ನನಗೆ ಈಗ ಬಗ್ಗಲು ಆಗುವುದಿಲ್ಲ, ಪಕ್ಕದ ಮನೆಯವರು ನೋಡಿ ಹೇಳಿದರು. ಅವರ ಮಾತು ನಂಬಬಹುದು. ಆದರೂ ನೀನು ಬಂದು ನೋಡಿ, ಹೌದು ಇದೆ ಎಂದರೆ ನನಗೆ ಸಮಾಧಾನ."

ಅತ್ತೆಗೆ ಓದಿ ಹೇಳಿದೆ. ಅವರು ಈಗ ಹಾಸಿಗೆಯಲ್ಲೇ ಹೆಚ್ಚು. ಕೇಳಿ, ಗೋಡೆ ಹಿಡಿದು ಎದ್ದು ಕುಳಿತರು.

"ಹಡಗ ನಿಂತಾವಂತ ಬರದು ಬಿಡಲೇನ್ರಿ ಅತ್ತಿ?"

"ಅದು ಆಕಿಗೂ ಗೊತ್ತಿಲ್ಲೇನು? ಹಡಗದ ಮಾತು ಕೇಳಿಲ್ಲ ಆಕಿ," ಎಂದರು. "ಬರ್ತೇನಿ ಅಂತ ಬರಿ. ಬರದು ನನ್ನ ಇಳಕಲ್ ಸೀರಿ ತಗದು ಬಿಸಲಿಗೆ ಹಾಕು."

ಬರೆದೆ.